ಕಾರ್ಮೆಲ್ ಪರ್ವತಶ್ರೇಣಿ ಮತ್ತು ಅದರ ಪ್ರಾಚೀನಾವಶೇಷಗಳು

ಮೆಡಿಟರೇನಿಯನ್ ಸಮುದ್ರದ ಪೂರ್ವತೀರದಲ್ಲಿ, ಇಂದಿನ ಇಸ್ರೇಲ್ ದೇಶದ ಉತ್ತರಭಾಗದಲ್ಲಿ, ಹೈಫಾ ನಗರದ ನೆತ್ತಿಯಲ್ಲಿ ಕಡಲಿನತ್ತ ಚಾಚಿರುವ ಭೂಶಿರದಿಂದ ಮೊದಲಾಗಿ ಆಗ್ನೇಯದಿಕ್ಕಿಗೆ ಸುಮಾರು 39 ಕಿಲೋಮೀಟರ್ ಹಬ್ಬಿರುವ ಸುಣ್ಣಕಲ್ಲಿನ ಬೆಟ್ಟಸಾಲಿಗೆ ಕಾರ್ಮೆಲ್ ಎಂದು ಹೆಸರು. ಪ್ರವಾದಿ ಎಲೀಯನ ನೆನಪಿನಿಂದ ಅರಬ್ಬೀ ಭಾಷೆಯವರು ಇದನ್ನು ಜಬಲ್ ಮಾರ್ ಎಲ್ಯಾಸ್ ಎಂದು ಕರೆಯುವುದೂ ಉಂಟು. ಸಾಲಿನ ಅಗಲ 6ರಿಂದ 8 ಕಿಲೋಮೀಟರ್. ಅದರ ಅತ್ಯುನ್ನತ ಸ್ಥಾನ ಸಮುದ್ರಮಟ್ಟದಿಂದ 546 ಮೀಟರ್. ನಮ್ಮ ನಂದಿಬೆಟ್ಟದ ಅರ್ಧಕ್ಕೂ ನಿಲುಕದ ಈ ಎತ್ತರಕ್ಕೆ ಪರ್ವತವೆಂಬ ಹೆಸರು ಹೆಚ್ಚಾಯಿತೆಂದು ಭೂಪಟ ನೋಡಿದವರಿಗೆ ತೋರಬಹುದಾದರೂ, ಕಾರವಾರದ ಬಳಿ ಸಹ್ಯಾದ್ರಿಯ ಕವಲುಗಳು ಕಡಲಿಗೆ ಇಳಿದು ನಿಲ್ಲುವಂತೆ ಇದೂ ನೀರಿನಂಚಿನಿಂದಲೇ ಎದ್ದು ನಿಲ್ಲುವುದರಿಂದ, ಪ್ರಾಚೀನಕಾಲದ ನಾವಿಕರಿಗೆ ಇದು ದೂರದಿಂದಲೇ ಗೋಚರಿಸುವ ಗುರುತಾಗಿದ್ದಿತು. ಆದರೆ ವಿದ್ವಲ್ಲೋಕದಲ್ಲಿ ಕಾರ್ಮೆಲಿನ ಕೀರ್ತಿಗೆ ಕಾರಣವಾದುದು ಈ ಹೊರನೋಟವಲ್ಲ. ಅದರ ಪಶ್ಚಿಮದ ಇಳಿಜಾರಿನ ಗವಿಗಳಲ್ಲಿ ಸುಮಾರು ಐದು ಲಕ್ಷ ವರ್ಷಗಳ ಮಾನವವಾಸದ ಕುರುಹುಗಳು ಪದರಪದರವಾಗಿ ಉಳಿದು ಬಂದಿರುವುದು.

ಶ್ರೇಣಿಯ ಈಶಾನ್ಯದ ಮಗ್ಗುಲು ಕಡಿದಾಗಿ ಇಳಿದು ಕಿಶೋನ್ ನದಿ ಹರಿಯುವ ಜೆಜ್ರೀಲ್ ಬಯಲನ್ನು ಮುಟ್ಟುತ್ತದೆ. ಪಶ್ಚಿಮದ ಮಗ್ಗುಲಿನಲ್ಲಿ ಚಳಿಗಾಲದ ಮಳೆಯಲ್ಲಿ ಮಾತ್ರ ಹರಿಯುವ ತೊರೆಗಳು ಆಳವಾದ ಕಣಿವೆಗಳನ್ನು ಕೊರೆದಿವೆ. ದಕ್ಷಿಣದಲ್ಲಿ ಮೆನಾಶೆ ದಿಣ್ಣೆಗಳೂ ಅವುಗಳಾಚೆ ಸಮಾರಿಯದ ಬೆಟ್ಟಗಳೂ ಇವೆ. ಇಲ್ಲಿಯ ಶಿಲೆಗಳು ಕ್ರಿಟೇಷಿಯಸ್ ಯುಗದಲ್ಲಿ, ಈಗ್ಗೆ ಹತ್ತು ಕೋಟಿ ವರ್ಷಗಳ ಆಸುಪಾಸಿನಲ್ಲಿ, ಬೆಚ್ಚನೆಯ ಸಮುದ್ರವೊಂದರ ತಳದಲ್ಲಿ ಸಂಚಯಗೊಂಡ ಸುಣ್ಣಕಲ್ಲು, ಡಾಲೊಮೈಟ್ ಮತ್ತು ಸೀಮೆಸುಣ್ಣದ ಕಲ್ಲುಗಳು. ನಡುನಡುವೆ ಜ್ವಾಲಾಮುಖಿಯ ಬೂದಿಗಲ್ಲೂ ಕಾಣಸಿಗುತ್ತದೆ. ರೂಡಿಸ್ಟ್ ಎಂಬ, ಈಗ ನಿರ್ವಂಶವಾಗಿರುವ ಚಿಪ್ಪುಜೀವಿಗಳು ಕಟ್ಟಿದ ದಿಬ್ಬವೊಂದು ಗವಿಗಳಿರುವ ಕಣಿವೆಯ ಬಾಯಲ್ಲೇ ಕಲ್ಲಾಗಿ ನಿಂತಿದೆ. ಸುಣ್ಣಕಲ್ಲನ್ನು ಮಳೆನೀರು ಕರಗಿಸಿದುದರಿಂದ ಗವಿಗಳಾದವು. ಅದೇ ಕಲ್ಲಿನೊಳಗೆ ಗಡ್ಡೆಗಡ್ಡೆಯಾಗಿ ಚಕಮಕಿ ಕಲ್ಲು ಸಿಕ್ಕಿತು. ಬೆಟ್ಟದ ಬುಡದಲ್ಲಿ ಒರತೆಗಳು ಒಸರಿದವು. ಹೀಗೆ ಆದಿಮಾನವನಿಗೆ ಬೇಕಾದ ಮನೆ, ಆಯುಧ, ನೀರು ಮೂರೂ ಒಂದೇ ಬಂಡೆಯಿಂದ ದೊರೆತುವೆನ್ನಬೇಕು. ಮೇಲೆ ಓಕ್, ಪೈನ್, ಕಾಡುಪಿಸ್ತಾ ಮತ್ತು ಕ್ಯಾರಬ್ ಮರಗಳ ಕಾಡು. ಕೆಳಗೆ ಜಿಂಕೆಗಳು ಮೇಯುವ ಹುಲ್ಲುಬಯಲು.

ಬೆಟ್ಟಕ್ಕೂ ಕಡಲಿಗೂ ನಡುವೆ ಇರುವ ತೀರದ ಬಯಲು ಹೈಫಾದ ಭೂಶಿರದಲ್ಲಿ ಇಲ್ಲವೆನ್ನುವಷ್ಟು ಕಿರಿದು. ದಕ್ಷಿಣಕ್ಕೆ ಹೋದಂತೆ ಕೆಲವೇ ಕಿಲೋಮೀಟರುಗಳಷ್ಟು ಅಗಲವಾಗುತ್ತದೆ. ಆದರೆ ಈ ಅಗಲ ಸ್ಥಿರವಾದದ್ದಲ್ಲ. ಹಿಮಯುಗಗಳಲ್ಲಿ ಭೂಮಿಯ ನೀರು ಧ್ರುವಪ್ರದೇಶಗಳಲ್ಲಿ ಹೆಪ್ಪುಗಟ್ಟಿದಾಗ ಸಮುದ್ರಮಟ್ಟ ನೂರು ಮೀಟರಿಗೂ ಮಿಕ್ಕಿ ತಗ್ಗಿ, ದಡವು ಇಂದಿನ ಸ್ಥಳದಿಂದ ಹತ್ತು ಕಿಲೋಮೀಟರಿಗೂ ಹೆಚ್ಚು ಪಶ್ಚಿಮಕ್ಕೆ ಸರಿದಿದ್ದ ಕಾಲಗಳುಂಟು. ಹಿಮ ಕರಗಿದಾಗ ಕಡಲು ಮತ್ತೆ ಬೆಟ್ಟದ ಬುಡದತ್ತ ನುಗ್ಗಿ ಬಂದ ಕಾಲಗಳೂ ಉಂಟು. ಆಫ್ರಿಕದಿಂದ ಏಷ್ಯಕ್ಕೂ ಯೂರೋಪಿಗೂ ಕಾಲುದಾರಿಯಲ್ಲಿ ಹೊರಟ ಮನುಷ್ಯನಿಗೂ ಮೃಗಕ್ಕೂ ಹಾದುಹೋಗಲು ಇದ್ದ ದಾರಿಗಳಲ್ಲಿ ಈ ಪಟ್ಟಿಯೂ ಒಂದು. ಕಾರ್ಮೆಲಿನ ಗವಿಗಳಲ್ಲಿ ಯಾರು ಯಾವಾಗ ಬದುಕಿದರು, ಏನು ತಿಂದರು, ಯಾವ ಮಣ್ಣಿನ ಕೆಳಗೆ ಹೂತುಹೋದರು ಎಂಬುದನ್ನೆಲ್ಲ ಬಹುಮಟ್ಟಿಗೆ ನಿರ್ಣಯಿಸಿದ್ದು ಅಲ್ಪವೆಂದು ತೋರುವ ಈ ಅಂತರದ ಹಿಗ್ಗುಕುಗ್ಗುಗಳೇ.

ಈ ಸಂಪತ್ತು ಲೋಕಕ್ಕೆ ತಿಳಿದ ಬಗೆ ವಿಚಿತ್ರವಾದದ್ದು, ಮತ್ತು ಅದರ ಹಿನ್ನೆಲೆಯಲ್ಲಿ ಕನ್ನಡನಾಡಿನವರಿಗೂ ಒಂದು ಪಾಲುಂಟು. ಮೊದಲನೆಯ ಮಹಾಯುದ್ಧದ ಕೊನೆಯ ತಿಂಗಳುಗಳಲ್ಲಿ, 1918ನೆಯ ಸೆಪ್ಟೆಂಬರ್ 23ರಂದು, ಹೈಫಾವನ್ನು ಆಟೊಮನ್ ತುರ್ಕರ ಕೈಯಿಂದ ಬಿಡಿಸಿಕೊಂಡದ್ದು ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಅಶ್ವದಳಗಳು. ಒಂದು ಕಡೆ ಕಾರ್ಮೆಲಿನ ಕಡಿದಾದ ಮಗ್ಗುಲು, ಇನ್ನೊಂದು ಕಡೆ ಕಿಶೋನ್ ನದಿಯ ಕೆಸರು. ಇವೆರಡರ ನಡುವಿನ ಇಕ್ಕಟ್ಟಿನಲ್ಲಿ ಭರ್ಜಿ ಖಡ್ಗಗಳನ್ನು ಹಿಡಿದು ಯಂತ್ರಬಂದೂಕಿನ ಎದುರು ಕುದುರೆಯೋಡಿಸಿದ ಆ ಕಾಳಗದಲ್ಲಿ, ಬೆಟ್ಟದ ಮೇಲಿನ ಫಿರಂಗಿಗಳನ್ನು ಹಿಡಿಯಲು ಇಳಿಜಾರನ್ನು ಹತ್ತಿದ್ದು ಮೈಸೂರು ಲ್ಯಾನ್ಸರ್ಸ್ ದಳದ ಒಂದು ತುಕಡಿ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಈ ದಳದ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಯೋಧರಲ್ಲೊಬ್ಬನು ಮೈಸೂರಿನ ಸವಾರ. ಈ ಜಯದ ಬೆನ್ನಿಗೆ ಪ್ಯಾಲೆಸ್ಟೈನ್ ಬ್ರಿಟಿಷರ ಆಡಳಿತಕ್ಕೆ ಒಳಪಟ್ಟಿತು. ಬ್ರಿಟಿಷರು ಹೈಫಾದಲ್ಲಿ ದೊಡ್ಡ ಬಂದರನ್ನು ಕಟ್ಟಲು ನಿಶ್ಚಯಿಸಿ, ಅದಕ್ಕೆ ಬೇಕಾದ ಕಲ್ಲನ್ನು ನಗರದಿಂದ ಸುಮಾರು 20 ಕಿಲೋಮೀಟರ್ ದಕ್ಷಿಣಕ್ಕಿರುವ ವಾದಿ ಅಲ್-ಮುಘಾರಾ, ಎಂದರೆ ಗವಿಗಳ ಕಣಿವೆಯ, ಬಂಡೆಗಳನ್ನು ಒಡೆದು ತರುವ ಯೋಜನೆ ಹೂಡಿದರು. ಬಂಡೆ ಒಡೆಯುವ ಮುನ್ನ ಪ್ರಾಚ್ಯವಸ್ತು ಇಲಾಖೆಯ ಚಾರ್ಲ್ಸ್ ಲ್ಯಾಂಬರ್ಟ್ ಎಂಬವರು 1928ರಲ್ಲಿ ಎಲ್-ವಾದ್ ಗವಿಯಲ್ಲಿ ಪರೀಕ್ಷಾರ್ಥವಾಗಿ ಕೆಲವು ಗುಂಡಿಗಳನ್ನು ತೋಡಿಸಿದಾಗ, ಎಳೆಯ ಪ್ರಾಣಿಯೊಂದರ ಆಕಾರವನ್ನು ಕೆತ್ತಿದ ಎಲುಬಿನ ತುಂಡು ಹೊರಬಂದಿತು. ಆ ಪ್ರದೇಶದಲ್ಲಿ ಅಷ್ಟು ಪ್ರಾಚೀನವಾದ ಕಲಾಕೃತಿ ಅದುವರೆಗೆ ದೊರೆತಿರಲಿಲ್ಲ. ಕಲ್ಲುಗಣಿಯ ಯೋಜನೆ ಕೈಬಿಡಲಾಯಿತು. ಅಂಗೈಯಲ್ಲಿ ಹಿಡಿಸುವ ಎಲುಬಿನ ಚೂರೊಂದು ಬಂದರಿನ ಎಂಜಿನಿಯರರನ್ನು ಹಿಂದಿರುಗಿಸಿತೆಂಬುದು ಪುರಾತತ್ತ್ವದ ಇತಿಹಾಸದಲ್ಲಿ ಪದೇ ಪದೇ ಕಾಣುವ ಸಂಗತಿಯಲ್ಲ. ಗೆಲ್ಲುವುದು ಸಾಮಾನ್ಯವಾಗಿ ಬಂದರೇ.

1929ರಿಂದ 1934ರವರೆಗೆ ನಡೆದ ಉತ್ಖನನಗಳ ಮುಖ್ಯಸ್ಥೆ ಡೊರೊಥಿ ಗ್ಯಾರಡ್. ಪ್ಯಾರಿಸಿನಲ್ಲಿ ಪ್ರಾಗಿತಿಹಾಸತಜ್ಞ ಆಬೆ ಬ್ರೂಯಿಯವರ ಶಿಷ್ಯೆಯಾಗಿದ್ದು, 1926ರಲ್ಲಿ ಜಿಬ್ರಾಲ್ಟರಿನಲ್ಲಿ ನಿಯಾಂಡರ್ತಾಲ್ ಎಂಬ ಪ್ರಾಚೀನ ಮಾನವಕುಲದ ಮಗುವೊಂದರ ತಲೆಬುರುಡೆಯನ್ನು ಹೊರತೆಗೆದು ಹೆಸರು ಗಳಿಸಿದ್ದ ಈಕೆ, ಜೆರೂಸಲೇಮಿನ ಬ್ರಿಟಿಷ್ ಪುರಾತತ್ತ್ವ ಶಾಲೆ ಹಾಗೂ ಪ್ರಾಗಿತಿಹಾಸ ಸಂಶೋಧನೆಯ ಅಮೆರಿಕನ್ ಶಾಲೆಗಳ ಜಂಟಿ ಆಶ್ರಯದಲ್ಲಿ ಕೆಲಸಕ್ಕೆ ಕೈಹಾಕಿದರು. ಅಗೆತಕ್ಕೆ ಅವರು ಆರಿಸಿಕೊಂಡವರು ಬಹುಪಾಲು ನೆರೆಯ ಇಜ್ಜಿಮ್ ಮತ್ತು ಜಬಾ ಹಳ್ಳಿಗಳ ಹೆಂಗಸರು. ಋತುವಿನಿಂದ ಋತುವಿಗೆ ಮರಳಿ ಬಂದು ಆ ಹೆಂಗಸರು ಮಣ್ಣಿನ ಬಣ್ಣವನ್ನೂ ಕಲ್ಲಿನ ಅಂಚನ್ನೂ ಗುರುತಿಸುವುದರಲ್ಲಿ ಪಳಗಿದರು. ಅವರಲ್ಲಿ ಯುಸ್ರಾ ಎಂಬಾಕೆಯ ಹೆಸರು ಉಳಿದುಬಂದಿದೆ. 1932ರಲ್ಲಿ ತಬೂನ್ ಗವಿಯ ಮಣ್ಣಿನಲ್ಲಿ ಒಂದು ಹಲ್ಲನ್ನು ಕಂಡು ಎಲ್ಲರನ್ನೂ ಎಚ್ಚರಿಸಿದವಳು ಆಕೆ. ಆ ಹಲ್ಲಿನ ಹಿಂದೆ ಚೂರುಚೂರಾಗಿದ್ದರೂ ಒಂದಾಗಿಯೇ ಬಿದ್ದಿದ್ದ ತಲೆಬುರುಡೆಯಿದ್ದಿತು, ಅದರ ಹಿಂದೆ ದೇಹದ ಅಸ್ಥಿಪಂಜರ. ಈಕೆಯ ಜಾಣ್ಮೆಯನ್ನು, ಆಗ ವಿದ್ಯಾರ್ಥಿನಿಯಾಗಿ ಅಲ್ಲಿದ್ದು ಮುಂದೆ ಪ್ರಸಿದ್ಧ ಲೇಖಕಿಯಾದ ಜಾಕೆಟಾ ಹಾಕ್ಸ್ ಬಹುಕಾಲದ ಮೇಲೂ ಸ್ಮರಿಸಿಕೊಂಡರು. ಗ್ಯಾರಡರು 1939ರಲ್ಲಿ ಕೇಂಬ್ರಿಜಿನಲ್ಲಿ ಪುರಾತತ್ತ್ವದ ಡಿಸ್ನಿ ಪೀಠವನ್ನು ಏರಿ, ಆಕ್ಸ್‌ಫರ್ಡ್ ಕೇಂಬ್ರಿಜ್‌ಗಳೆರಡನ್ನೂ ಒಟ್ಟಿಗೆ ಎಣಿಸಿದರೂ ಪ್ರಾಧ್ಯಾಪಕಪದವಿ ಪಡೆದ ಪ್ರಥಮ ಮಹಿಳೆಯಾದರು. ಅದೇ ಕೇಂಬ್ರಿಜ್ ತನ್ನಲ್ಲಿ ಓದಿದ ಸ್ತ್ರೀಯರಿಗೆ ಪೂರ್ಣ ಪದವಿಗಳನ್ನು ಕೊಡತೊಡಗಿದ್ದು 1948ರಲ್ಲಿ ಎಂಬುದನ್ನು ಇಲ್ಲಿ ನೆನೆಯದಿರಲಾಗದು. ಯುಸ್ರಾಳ ಸೀಮೆಯ ಆ ಎರಡು ಹಳ್ಳಿಗಳೂ 1948ರ ಯುದ್ಧದಲ್ಲಿ ನಿರ್ಜನವಾದವು.

ಕಣಿವೆಯ ಗವಿಗಳಲ್ಲಿ ಅಗ್ರಗಣ್ಯವಾದುದು ತಬೂನ್. ಅರಬ್ಬೀ ಭಾಷೆಯಲ್ಲಿ ರೊಟ್ಟಿ ಸುಡುವ ಒಲೆಗೆ ಈ ಹೆಸರು. ಗವಿಯ ಮೇಲ್ಛಾವಣಿಯಲ್ಲಿ ಹೊಗೆಗೂಡಿನಂತೆ ಆಕಾಶಕ್ಕೆ ತೆರೆದ ರಂಧ್ರವಿರುವುದರಿಂದ ಹೆಸರು ಹೊಂದಿಕೊಂಡಿದೆ. ಇಲ್ಲಿಯ ಸಂಚಯದ ಒಟ್ಟು ದಪ್ಪ ಸುಮಾರು 25 ಮೀಟರ್. ಗ್ಯಾರಡರು ಮೇಲಿನಿಂದ ಕೆಳಕ್ಕೆ ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಎ ಮೊದಲುಗೊಂಡು ಜಿವರೆಗೆ ಹೆಸರಿಟ್ಟ ಸ್ತರಗಳಲ್ಲಿ ಅತ್ಯಂತ ಕೆಳಗಿನದು ಒರಟಾದ ಚಕ್ಕೆಗಳದು; ಅದರ ಮೇಲೆ ಅಶೂಲಿಯನ್ ಕೈಗೊಡಲಿಗಳದು; ಅನಂತರ ಅಶೂಲೊ-ಯಾಬ್ರೂಡಿಯನ್ ಎಂದು ಈಗ ಕರೆಯುವ, ದಪ್ಪ ಹೆರೆಗಲ್ಲುಗಳ ಸ್ತರ; ಅದಕ್ಕೂ ಮೇಲೆ ಮೊದಲೇ ಯೋಜಿಸಿ ಸಿದ್ಧಪಡಿಸಿದ ತಿರುಳುಗಲ್ಲಿನಿಂದ ಒಂದೇ ಏಟಿಗೆ ತೆಳುವಾದ ಮೊನೆಚಕ್ಕೆಗಳನ್ನು ಕೆಡಹುವ ಮೂಸ್ಟೀರಿಯನ್ ಕುಶಲತೆಯ ಮೂರು ಸ್ತರಗಳು. ಕೈಗೊಡಲಿಯ ಈ ಸಂಪ್ರದಾಯ ಆಫ್ರಿಕದಿಂದ ಭಾರತದವರೆಗೆ ಹರಡಿದ್ದಿತು. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ದೊರೆತಿರುವ, ಕಾಲದಲ್ಲಿ ತಬೂನಿನವಕ್ಕಿಂತಲೂ ಬಹಳ ಹಿಂದಿನ ಕೈಗೊಡಲಿಗಳು ಇದೇ ಪರಂಪರೆಗೆ ಸೇರಿದವು.

ತಬೂನಿನ ಮಹತ್ತ್ವ ಆಯುಧಗಳಲ್ಲಿ ಮಾತ್ರವಲ್ಲ, ಆಯುಧಗಳು ಹುದುಗಿದ್ದ ಮಣ್ಣಿನಲ್ಲೂ ಇದೆ. 1967ರಿಂದ 1972ರವರೆಗೆ ಇಲ್ಲಿ ಮತ್ತೆ ಅಗೆತ ನಡೆಸಿದ ಆರ್ಥರ್ ಜೆಲಿನೆಕ್ ಅವರು ಕೆಳಗಿನ ಸ್ತರಗಳು ಬಹುತೇಕ ಮರಳಿನಿಂದಲೂ, ನಡುವಣವು ನಯವಾದ ಮೆಕ್ಕಲಿನಿಂದಲೂ, ಮೇಲಿನವು ಬೆಟ್ಟದ ಕೆಂಪು ಜೇಡಿಯಿಂದಲೂ ಕೂಡಿವೆಯೆಂದು ತೋರಿಸಿದರು. ಮರಳು ಬಂದುದು ಕಡಲದಂಡೆಯ ದಿಬ್ಬಗಳಿಂದ, ಗಾಳಿಯ ಹೆಗಲೇರಿ. ಎಂದರೆ ಆ ಕಾಲದಲ್ಲಿ ಸಮುದ್ರ ಹತ್ತಿರವಿದ್ದಿತು. ಮರಳು ನಿಂತು ಜೇಡಿಮಣ್ಣು ತುಂಬತೊಡಗಿದಾಗ ಸಮುದ್ರ ದೂರ ಸರಿದಿದ್ದಿತು. ಬೆಂಕಿಯ ಚರಿತ್ರೆಯೂ ಇಲ್ಲಿ ಇದೇ ಕ್ರಮದಲ್ಲಿ ಲಿಖಿತವಾಗಿದೆ. ಬೂದಿ ಕೊಚ್ಚಿಹೋದರೂ ಬೆಂಕಿಗೆ ಬಿದ್ದ ಚಕಮಕಿ ಕಲ್ಲು ಕೆಂಪಾಗಿ, ಬಿರುಕುಬಿಟ್ಟು, ಕುಳಿಕುಳಿಯಾಗಿ ಉಳಿಯುತ್ತದೆಯಾದ್ದರಿಂದ, ಪ್ರತಿ ಪದರದಲ್ಲಿಯೂ ಸುಟ್ಟ ಕಲ್ಲೆಷ್ಟು ಸುಡದ ಕಲ್ಲೆಷ್ಟು ಎಂದು ವಿದ್ವಾಂಸರು ಎಣಿಸಿ ನೋಡಿದರು. ಈಗ್ಗೆ ಸುಮಾರು ಮೂರೂವರೆ ಲಕ್ಷ ವರ್ಷಗಳಿಗಿಂತ ಹಿಂದಿನ ಪದರಗಳಲ್ಲಿ ಸುಟ್ಟ ಕಲ್ಲು ಇಲ್ಲವೆನ್ನುವಷ್ಟು ವಿರಳ. ಅಲ್ಲಿಂದ ಮೇಲಕ್ಕೆ ಅದು ಬಿಡದೆ ಕಾಣಿಸಿಕೊಳ್ಳುತ್ತದೆ. ಸಿಡಿಲಿಗೆ ಹತ್ತಿದ ಬೆಂಕಿಯನ್ನು ಎಂದೋ ಒಮ್ಮೆ ಬಳಸಿದ ಮನುಷ್ಯನು ಬೆಂಕಿಯನ್ನು ನಿತ್ಯದ ಒಲೆಗೆ ತಂದುಕೊಂಡ ಕಾಲವನ್ನು ಇಷ್ಟು ಹತ್ತಿರದಿಂದ ತೋರಿಸುವ ಸ್ಥಳಗಳು ವಿರಳ.

ಗ್ಯಾರಡರ ಉತ್ಖನನದಲ್ಲಿ ಪ್ರಾಣಿಗಳ ಎಲುಬುಗಳ ಅಧ್ಯಯನವನ್ನು ವಹಿಸಿಕೊಂಡ ಡೊರೊಥಿಯಾ ಬೇಟ್ ಅವರೂ ಇಲ್ಲಿಯೇ ಹೊಸ ದಾರಿಯೊಂದನ್ನು ತುಳಿದರು. ಕಾಡನ್ನು ಆಶ್ರಯಿಸುವ ಚುಕ್ಕೆಜಿಂಕೆಯ ಜಾತಿಯೊಂದು, ಬಯಲನ್ನು ಆಶ್ರಯಿಸುವ ಗಸೆಲ್ ಎಂಬ ಹುಲ್ಲೆ, ಈ ಎರಡರ ಎಲುಬುಗಳ ಪ್ರಮಾಣವನ್ನು ಸ್ತರಾನುಕ್ರಮವಾಗಿ ರೇಖೆಯಲ್ಲಿ ಗುರುತಿಸಿ, ಜಿಂಕೆ ಹೆಚ್ಚಿದಾಗ ಮಳೆ ಹೆಚ್ಚಿತ್ತೆಂದೂ ಹುಲ್ಲೆ ಹೆಚ್ಚಿದಾಗ ಒಣಹವೆಯಿತ್ತೆಂದೂ ಅವರು ತರ್ಕಿಸಿದರು. ಗವಿಗೆ ಬಂದ ಎಲುಬು ಹವೆಯ ಆಯ್ಕೆಯಷ್ಟೇ ಅಲ್ಲ, ಬೇಟೆಗಾರನ ಆಯ್ಕೆಯೂ ಹೌದೆಂದು ಅನಂತರದವರು ಆಕ್ಷೇಪಿಸಿರುವುದು ನ್ಯಾಯವೇ. ಆದರೂ ಪ್ರಾಚೀನ ಹವಾಮಾನವನ್ನು ಎಲುಬಿನ ಲೆಕ್ಕದಿಂದ ಅಳೆಯಲು ನಡೆದ ಆರಂಭದ ಪ್ರಯತ್ನಗಳಲ್ಲಿ ಅದು ಮುಖ್ಯವಾದದ್ದು. ಗ್ಯಾರಡ್ ಮತ್ತು ಬೇಟ್ ಇಬ್ಬರೂ ಸೇರಿ ಬರೆದ ವರದಿಯ ಮೊದಲ ಸಂಪುಟ 1937ರಲ್ಲಿ ಪ್ರಕಟವಾಯಿತು.

ತಬೂನಿಗೆ ಕೂಗಳತೆಯಲ್ಲಿರುವ ಸ್ಖೂಲ್ ಎಂಬ ಸಣ್ಣ ಗವಿಯನ್ನು ಅಗೆದವರು ಅಮೆರಿಕದ ಥಿಯೊಡೋರ್ ಮೆಕೌನ್. ಇಲ್ಲಿ 1931 ಮತ್ತು 1932ರಲ್ಲಿ ಮಕ್ಕಳೂ ದೊಡ್ಡವರೂ ಸೇರಿ ಹತ್ತು ಮಂದಿಯ ಅವಶೇಷಗಳು ದೊರೆತವು. ಎಲುಬುಗಳು ಹುದುಗಿದ್ದ ಮಣ್ಣು ಸುಣ್ಣ ಕೂಡಿ ಗಾರೆಗಚ್ಚಿನಂತೆ ಗಟ್ಟಿಯಾಗಿದ್ದುದರಿಂದ, ಬಂಡೆಯನ್ನೇ ದಿಮ್ಮಿಗಳಾಗಿ ಕೊಯ್ದು ಇಂಗ್ಲೆಂಡಿಗೆ ಸಾಗಿಸಿ, ಅಲ್ಲಿ ವರ್ಷಗಟ್ಟಲೆ ಕೂತು ಎಲುಬುಗಳನ್ನು ಬಿಡಿಸಬೇಕಾಯಿತು. ಇವುಗಳಲ್ಲಿ ಐದನೆಯ ಸಂಖ್ಯೆಯ ಪುರುಷನನ್ನು ಮಲಗಿಸಿದ ಬಗೆ ಗಮನಾರ್ಹ. ಕಾಲುಗಳನ್ನು ಮಡಿಚಿ ಹೂತಿದ್ದ ಅವನ ತೋಳುಗಳ ನಡುವೆ ದೊಡ್ಡ ಕಾಡುಹಂದಿಯೊಂದರ ದವಡೆ ಇರಿಸಲಾಗಿದ್ದಿತು. ಸತ್ತವನೊಡನೆ ಏನನ್ನಾದರೂ ಕಳಿಸಿಕೊಟ್ಟುದಕ್ಕೆ ಸಿಕ್ಕಿರುವ ಅತಿಪ್ರಾಚೀನ ಸಾಕ್ಷ್ಯಗಳಲ್ಲಿ ಇದೊಂದು. ಸಮುದ್ರದ ಸಣ್ಣ ಬಸವನಹುಳುವಿನ, ತೂತಿರುವ ಎರಡು ಚಿಪ್ಪುಗಳೂ ಈ ಗವಿಯಲ್ಲಿ ದೊರೆತಿದ್ದು, ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಎಪ್ಪತ್ತಕ್ಕೂ ಹೆಚ್ಚು ವರ್ಷ ಯಾರ ಗಮನಕ್ಕೂ ಬಾರದೆ ಬಿದ್ದಿದ್ದವು. ಒಂದು ಚಿಪ್ಪಿಗೆ ಅಂಟಿದ್ದ ಮಣ್ಣನ್ನು ರಾಸಾಯನಿಕವಾಗಿ ಪರೀಕ್ಷಿಸಿ, ಮನುಷ್ಯರ ಎಲುಬು ದೊರೆತ ಸ್ತರದ್ದೇ ಮಣ್ಣೆಂದು ನಿಶ್ಚಯಿಸಿದ ಮೇಲೆ, 2006ರಲ್ಲಿ ಇವು ಒಂದು ಲಕ್ಷ ವರ್ಷಕ್ಕೂ ಹಿಂದಿನ ಮಣಿಗಳೆಂದು ಪ್ರಕಟವಾಯಿತು. ಆಗ ಕಡಲು ಗವಿಯಿಂದ ಕೆಲವು ಕಿಲೋಮೀಟರ್ ದೂರದಲ್ಲಾದರೂ ಇದ್ದಿತಾದುದರಿಂದ, ತಿನ್ನಲು ಏನೂ ಇಲ್ಲದಷ್ಟು ಸಣ್ಣ ಚಿಪ್ಪನ್ನು ಯಾರೋ ಬೇಕೆಂದೇ ಆಯ್ದು ತಂದಿರಬೇಕು.

ಸ್ಖೂಲಿನವರು ಎತ್ತರದ ಹಣೆ, ಮೂಡಿದ ಗಲ್ಲಗಳುಳ್ಳ ನಮ್ಮಂಥವರು. ತಬೂನಿನ ಹೆಂಗಸಾದರೋ ನಿಯಾಂಡರ್ತಾಲ್ ಕುಲಕ್ಕೆ ಸೇರಿದವಳು. 1939ರಲ್ಲಿ ಎರಡನೆಯ ಸಂಪುಟವನ್ನು ಪ್ರಕಟಿಸಿದ ಮೆಕೌನ್ ಮತ್ತು ಸರ್ ಆರ್ಥರ್ ಕೀತ್, ಇವರೆಲ್ಲ ಒಂದೇ ಜನವೆಂದೂ ವಿಕಾಸದ ಸಂಕಟದಲ್ಲಿದ್ದುದರಿಂದ ಇಷ್ಟು ವೈವಿಧ್ಯ ತೋರಿತೆಂದೂ ಅಭಿಪ್ರಾಯಪಟ್ಟರು. ನಿಯಾಂಡರ್ತಾಲನೇ ಕ್ರಮವಾಗಿ ಆಧುನಿಕ ಮಾನವನಾದನೆಂಬ ಮೆಟ್ಟಿಲಿನ ಕಲ್ಪನೆಗೆ ಇದು ಅನುಕೂಲವಾಗಿದ್ದಿತು. ಆ ಕಲ್ಪನೆಯನ್ನು ಬೀಳಿಸಿದ್ದು ಸಹ ಕಾರ್ಮೆಲೇ. ಶ್ರೇಣಿಯ ದಕ್ಷಿಣದ ತುದಿಯಲ್ಲಿರುವ ಕೆಬಾರಾ ಗವಿಯಲ್ಲಿ 1983ರಲ್ಲಿ ಒಬ್ಬ ನಿಯಾಂಡರ್ತಾಲ್ ಪುರುಷನ ಸಮಾಧಿ ದೊರೆಯಿತು. ಅವನಿಗೆ ಕೆಳದವಡೆ ಉಂಟು, ತಲೆಬುರುಡೆಯಿಲ್ಲ. ಮಾಂಸ ಕರಗಿದ ಮೇಲೆ ಯಾರೋ ಬುರುಡೆಯನ್ನು ಮೆಲ್ಲನೆ ಎತ್ತಿಕೊಂಡಿರಬೇಕೆಂದು ಅಗೆದವರು ಊಹಿಸಿದರು. ನಾಲಗೆಯ ಬೇರಿನಲ್ಲಿರುವ, ಬೇರಾವ ಎಲುಬಿಗೂ ತಾಗದ ಪುಟ್ಟ ಕಂಠಾಸ್ಥಿಯೊಂದು ಅವನಲ್ಲಿ ಅಖಂಡವಾಗಿ ಉಳಿದಿದ್ದು, ಆಕಾರದಲ್ಲಿ ನಮ್ಮದರಂತೆಯೇ ಇದ್ದುದರಿಂದ, ನಿಯಾಂಡರ್ತಾಲರು ಮಾತಾಡುತ್ತಿದ್ದರೇ ಎಂಬ ಹಳೆಯ ಚರ್ಚೆ 1989ರಲ್ಲಿ ಮತ್ತೆ ಕಾವೇರಿತು. ಆದರೆ ಇದಕ್ಕಿಂತ ಮಿಗಿಲಾದ ಪರಿಣಾಮ ಕಾಲನಿರ್ಣಯದ್ದು. ಬೆಂಕಿಗೆ ಬಿದ್ದ ಚಕಮಕಿ ಕಲ್ಲನ್ನು ಮತ್ತೆ ಕಾಯಿಸಿ, ಅದು ಸೂಸುವ ಬೆಳಕನ್ನು ಅಳೆದು ವಯಸ್ಸು ಕಟ್ಟುವ ವಿಧಾನದಿಂದ ಕೆಬಾರಾದವನ ಕಾಲ ಸುಮಾರು 60,000 ವರ್ಷಗಳೆಂದು ತಿಳಿಯಿತು. ಸ್ಖೂಲಿನವರದು ಒಂದು ಲಕ್ಷ ವರ್ಷಗಳ ಆಸುಪಾಸು. ಮಗನೆಂದು ಬಗೆದವನು ತಂದೆಯೆಂದು ಬಗೆದವನಿಗಿಂತ ಹಿರಿಯನಾಗಿ ಬಂದು ನಿಂತನು! ಒಂದು ಕುಲ ಇನ್ನೊಂದರಿಂದ ಹುಟ್ಟಿದ್ದಲ್ಲ; ಎರಡೂ ಇದೇ ಪಟ್ಟಿಯಲ್ಲಿ, ಹವೆ ಬದಲಾದಂತೆ ಒಮ್ಮೆ ತೆಂಕಣವರೂ ಒಮ್ಮೆ ಬಡಗಣವರೂ ಬಂದು ನೆಲಸಿದ್ದು ಎಂಬ ವಿವರಣೆಗೆ ಅಂದಿನಿಂದ ಬಲ ಬಂದಿತು. ತಬೂನಿನ ಹೆಂಗಸಿನ ಕಾಲ ಮಾತ್ರ ಇಂದಿಗೂ ವಿವಾದಾಸ್ಪದ. ಅಸ್ಥಿಪಂಜರ ಸಿ ಸ್ತರದ ಮೇಲ್ಭಾಗಕ್ಕೆ ಅತಿ ಸಮೀಪವಿದ್ದು, ಮೇಲಿನ ಬಿ ಸ್ತರದಿಂದ ತೋಡಿದ ಗುಂಡಿಯಲ್ಲಿ ಹೂತದ್ದಾಗಿರಬಹುದೆಂದು ಗ್ಯಾರಡರೇ ಮೊದಲ ವರದಿಯಲ್ಲಿ ಪ್ರಾಮಾಣಿಕವಾಗಿ ಬರೆದಿಟ್ಟಿದ್ದರು. ಎಂಬತ್ತಕ್ಕೂ ಹೆಚ್ಚು ವರ್ಷಗಳ ಚರ್ಚೆ ಆ ಒಂದು ಅನುಮಾನವನ್ನು ದಾಟಿ ಹೆಚ್ಚು ದೂರ ಹೋಗಿಲ್ಲ.

ಹೈಫಾದಿಂದ ಸುಮಾರು 12 ಕಿಲೋಮೀಟರ್ ದಕ್ಷಿಣಕ್ಕಿರುವ, ಮೇಲ್ಛಾವಣಿ ಕುಸಿದ ಮಿಸ್ಲಿಯಾ ಗವಿಯಲ್ಲಿ 2002ರಲ್ಲಿ ದೊರೆತ, ಹಲ್ಲುಗಳಿರುವ ಮೇಲ್ದವಡೆಯ ಅರ್ಧಭಾಗ ಆಧುನಿಕ ಮಾನವನದೇ ಎಂದೂ, ಅದರ ಪ್ರಾಯ 1,77,000ದಿಂದ 1,94,000 ವರ್ಷಗಳೆಂದೂ 2018ರಲ್ಲಿ ಪ್ರಕಟವಾದಾಗ, ನಮ್ಮ ಕುಲ ಆಫ್ರಿಕವನ್ನು ಬಿಟ್ಟು ಹೊರಟ ಕಾಲವನ್ನು ಐವತ್ತು ಸಾವಿರ ವರ್ಷಗಳಿಗೂ ಹೆಚ್ಚು ಹಿಂದಕ್ಕೆ ಸರಿಸಬೇಕಾಯಿತು.

ಎಲ್-ವಾದ್ ಗವಿ ಕಣಿವೆಯಲ್ಲಿ ಅತಿ ದೊಡ್ಡದು. ಅದರ ಓಣಿ ಬೆಟ್ಟದೊಳಕ್ಕೆ 70 ಮೀಟರಿನಷ್ಟು ಹೋಗುತ್ತದೆ. ಇದರ ಬಾಯಿ ಮತ್ತು ಮುಂದಿನ ಜಗಲಿಯಂಥ ಸಮತಟ್ಟಿನಲ್ಲಿ ಈಗ್ಗೆ ಸುಮಾರು 15,000ದಿಂದ 11,500 ವರ್ಷಗಳ ಹಿಂದೆ ಬಾಳಿದವರನ್ನು ಗ್ಯಾರಡರು ನಟೂಫಿಯನರೆಂದು ಕರೆದರು. 1928ರಲ್ಲಿ ತಾವು ಅಗೆದ ಶುಕ್ಬಾ ಗವಿಯ ಬಳಿಯ ವಾದಿ ಅನ್-ನತೂಫ್ ಕಣಿವೆಯಿಂದ ಆ ಹೆಸರು ಬಂದಿತು. ಕಲ್ಲಿನ ಅಡಿಪಾಯದ ಗುಂಡು ಗುಡಿಸಲುಗಳು, ಬಂಡೆಯಲ್ಲಿ ತೋಡಿದ ಒರಳುಗಳು, ಕಪ್ಪುಗಲ್ಲಿನ ಒನಕೆಗಳು, ಎಲುಬಿನ ಹಿಡಿಯಲ್ಲಿ ಸಣ್ಣ ಕಲ್ಲಿನ ಅಲಗುಗಳನ್ನು ಸಾಲಾಗಿ ಕೂರಿಸಿದ ಕುಡುಗೋಲು, ಇವು ಅವರ ಸೊತ್ತು. ಆ ಅಲಗುಗಳ ಅಂಚಿನಲ್ಲಿ ಕನ್ನಡಿಯಂಥ ಹೊಳಪು ಕಾಣುತ್ತದೆ. ಹುಲ್ಲಿನ ಕಾಂಡದಲ್ಲಿರುವ ಸಿಲಿಕಾ ತಿಕ್ಕಿ ತಿಕ್ಕಿ ಬಂದ ಹೊಳಪದು. ಇದನ್ನು ನೋಡಿ ಗ್ಯಾರಡರು ನಟೂಫಿಯನರನ್ನು ಪ್ರಥಮ ರೈತರೆಂದು ಭಾವಿಸಿದರು. ಅವರು ಕೊಯ್ದದ್ದು ಬಿತ್ತಿದ ಬೆಳೆಯಲ್ಲ, ತಾನಾಗಿ ಬೆಳೆದ ಕಾಡುಗೋಧಿ ಕಾಡುಬಾರ್ಲಿಗಳೆಂಬುದು ಈಗಿನ ನಿರ್ಣಯ. ಬೇಸಾಯ ಬಂದ ಮೇಲೆ ಮನುಷ್ಯ ಒಂದೆಡೆ ನೆಲೆನಿಂತನೆಂದು ಹಿಂದಿನವರು ಹೇಳುತ್ತಿದ್ದುದು ತಲೆಕೆಳಗಾಗಿ, ನೆಲೆನಿಂತ ಮೇಲೆ ಬೇಸಾಯ ಬಂದಿತೆನ್ನುವುದು ಹೆಚ್ಚು ಸಂಭವನೀಯವಾಗಿ ತೋರುತ್ತದೆ. ಸತ್ತವರನ್ನು ಇವರು ತಮ್ಮ ವಾಸದ ಬಳಿಯಲ್ಲೇ ಹೂಳುತ್ತಿದ್ದರು. ಕೆಲವರ ತಲೆಯ ಸುತ್ತ, ಆನೆಯ ದಂತದಂತೆ ಬಾಗಿದ ಸಣ್ಣ ಕೊಳವೆಚಿಪ್ಪುಗಳನ್ನು ಸಾಲುಸಾಲಾಗಿ ಪೋಣಿಸಿದ ಪಟ್ಟಿ ಎಲುಬಿಗಂಟಿಕೊಂಡೇ ದೊರೆತಿದೆ.

ನೆರೆಯ ನಹಲ್ ಓರೆನ್ ಕಣಿವೆಯಲ್ಲಿ ತಳವಿಲ್ಲದ ಎತ್ತರದ ಒರಳುಗಳನ್ನು ಗೋರಿಗಳಲ್ಲಿ ನೆಟ್ಟಿದ್ದು, ಅವುಗಳ ಬಾಯಿ ನೆಲದ ಮೇಲೆ ಕಾಣುವಂತಿತ್ತು. ಬೆಟ್ಟದ ಪೂರ್ವದ ಮಗ್ಗುಲಿನ ರಾಕೆಫೆತ್ ಗವಿಯ ಗೋರಿಗಳಲ್ಲಿ ಮಣ್ಣಿನ ತೆಳುಲೇಪದ ಮೇಲೆ ಹೂವುಳ್ಳ ಕಡ್ಡಿಗಳ ಅಚ್ಚು ಉಳಿದಿದೆ; ಅವು ಸೇಜ್, ಪುದೀನ ಮೊದಲಾದ ಸುವಾಸನೆಯ ಜಾತಿಯ ಗಿಡಗಳೆಂದು ಗುರುತಿಸಲಾಗಿದೆ. ಹೂ ಬಾಡಿ ಮಣ್ಣಾದರೂ ಅದರ ಕಾಂಡದ ಚೌಕಾಕಾರ ಹನ್ನೆರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಉಳಿದು ಬಂದಿತು. ಅದೇ ಗವಿಯ ಒರಳುಗಳ ಒಳಮೈಯಲ್ಲಿ ಮೊಳೆತು ಹುಳಿಬಂದ ಧಾನ್ಯದ ಪಿಷ್ಟಕಣಗಳು ಸಿಕ್ಕಿವೆಯೆಂದೂ, ಇದು ಬಿಯರಿನ ಅತಿಪ್ರಾಚೀನ ಕುರುಹೆಂದೂ 2018ರಲ್ಲಿ ಒಂದು ತಂಡ ಪ್ರತಿಪಾದಿಸಿತು. ಇದನ್ನು ಎಲ್ಲರೂ ಒಪ್ಪಿಲ್ಲವಾದರೂ ಹಾಗೆ ಇರಲಾರದೆಂದು ಹೇಳಲು ಕಾರಣವಿಲ್ಲ.

ಬೆಟ್ಟದ ಚರಿತ್ರೆಯ ಮುಂದಿನ ಅಧ್ಯಾಯ ಈಗ ನೀರಿನೊಳಗಿದೆ. ಹಿಮ ಕರಗಿ ಕಡಲು ಏರುತ್ತ ಬಂದ ಕಾಲದಲ್ಲಿ ಬಯಲಿನ ಅಂಚಿನ ನವಶಿಲಾಯುಗದ ಹಳ್ಳಿಗಳು ಒಂದೊಂದಾಗಿ ಮುಳುಗಿದವು. ಇವುಗಳಲ್ಲಿ ಪ್ರಸಿದ್ಧವಾದುದು ಅತ್‌ಲಿತ್ ಕೊಲ್ಲಿಯಲ್ಲಿ 1984ರಲ್ಲಿ ಎಹೂದ್ ಗಲಿಲಿ ಕಂಡುಹಿಡಿದ ಅತ್‌ಲಿತ್ ಯಾಮ್. ದಡದಿಂದ ಕೆಲವು ನೂರು ಮೀಟರ್ ದೂರದಲ್ಲಿ, 8ರಿಂದ 12 ಮೀಟರ್ ನೀರಿನ ಕೆಳಗಿರುವ ಈ ಹಳ್ಳಿಯ ಕಾಲ ಸುಮಾರು ಕ್ರಿ.ಪೂ. 6900ರಿಂದ 6300. ಮರಳು ಮುಚ್ಚಿಕೊಂಡಿದ್ದುದರಿಂದ ಇಲ್ಲಿ ಮನೆಗಳ ತಳಪಾಯ, ಕಲ್ಲು ಕಟ್ಟಿದ ಬಾವಿ, ಧಾನ್ಯ, ಮೀನಿನ ಎಲುಬು ಎಲ್ಲವೂ ಉಳಿದಿವೆ. ಅರ್ಧವೃತ್ತವಾಗಿ ನಿಲ್ಲಿಸಿದ ಏಳು ದೊಡ್ಡ ಕಲ್ಲುಗಳೂ ಇವೆ. ಕೆಲವು ಗಂಡಸರ ತಲೆಬುರುಡೆಯಲ್ಲಿ ಕಿವಿಯ ನಾಳದೊಳಗೆ ಎಲುಬು ಗಂಟುಕಟ್ಟಿ ಬೆಳೆದಿದೆ. ತಣ್ಣೀರಿನಲ್ಲಿ ಪದೇ ಪದೇ ಮುಳುಗುವವರಿಗೆ ಬರುವ ವಿಕಾರವಿದು. ದನ ಆಡು ಸಾಕಿ ಗೋಧಿ ಬೆಳೆಯುತ್ತಿದ್ದ ಈ ಜನರು ಹೊಟ್ಟೆಪಾಡಿಗಾಗಿ ಚಳಿಯ ಕಡಲಿಗೂ ಧುಮುಕುತ್ತಿದ್ದರೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಒಬ್ಬ ಹೆಂಗಸು ಮತ್ತು ಕೂಸಿನ ಎಲುಬುಗಳಲ್ಲಿ ಕ್ಷಯರೋಗದ ಅಂಶವೂ ಪತ್ತೆಯಾಗಿದೆ. ಬಾವಿಯ ನೀರು ಉಪ್ಪಾದಾಗ ಊರು ಬಿಟ್ಟು ಹೋಗದೆ ಗತ್ಯಂತರವಿರಲಿಲ್ಲ. ಇದಾದ ಸುಮಾರು ಒಂದು ಸಾವಿರ ವರ್ಷಗಳ ಮೇಲೆ, ಸ್ವಲ್ಪ ಉತ್ತರದ ತೆಲ್ ಹ್ರೇಜ್ ಎಂಬ ಹಳ್ಳಿಯವರು ಕಡಲನ್ನು ಎದುರಿಸಲೇ ನಿರ್ಧರಿಸಿ, ಕಿಲೋಮೀಟರಿಗೂ ಹೆಚ್ಚು ದೂರದ ತೊರೆಗಳಿಂದ ಗುಂಡುಗಳನ್ನು ಹೊರಳಿಸಿ ತಂದು ನೂರು ಮೀಟರಿಗೂ ಉದ್ದದ ಗೋಡೆಯೊಂದನ್ನು ಕಟ್ಟಿದರು. ಲೋಕದಲ್ಲಿ ತಿಳಿದಿರುವ ಅತಿಪ್ರಾಚೀನ ಕಡಲತಡೆಗೋಡೆ ಇದು. ಅದೂ ಈಗ ನೀರಿನೊಳಗೇ ಇದೆ.

ಇತಿಹಾಸಕಾಲದ ಅವಶೇಷಗಳು ಹೇರಳವಾಗಿದ್ದರೂ ಅವುಗಳಂಥವು ಆ ನಾಡಿನಲ್ಲಿ ಬೇರೆಡೆಯೂ ಇರುವುದರಿಂದ ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಹೈಫಾದ ಬಳಿಯ ಶಿಕ್ಮೋನಾ ದಿಬ್ಬದಲ್ಲಿ ಕ್ರಿ.ಪೂ. 1100ರಿಂದ 600ರವರೆಗೆ ಕಡಲಶಂಖಗಳಿಂದ ನೇರಳೆಬಣ್ಣ ತೆಗೆಯುವ ಉದ್ಯಮ ನಡೆಯುತ್ತಿದ್ದುದಕ್ಕೆ ಬಣ್ಣ ಹಿಡಿದ ಗಡಿಗೆಗಳೇ ಸಾಕ್ಷಿ. ಶ್ರೇಣಿಯ ದಕ್ಷಿಣದ ಕಣಿವೆದಾರಿಯಲ್ಲಿ ಈಜಿಪ್ಟಿನ ಮೂರನೆಯ ಥಟ್ಮೋಸನು ಕ್ರಿ.ಪೂ. ಹದಿನೈದನೆಯ ಶತಮಾನದಲ್ಲಿ, ಸೇನಾನಿಗಳ ಸಲಹೆಯನ್ನು ಮೀರಿ, ಅತಿ ಇಕ್ಕಟ್ಟಾದ ಹಾದಿಯಿಂದಲೇ ಸೈನ್ಯ ನಡೆಸಿ ಮೆಗಿದ್ದೋ ನಗರವನ್ನು ಅನಿರೀಕ್ಷಿತವಾಗಿ ಮುತ್ತಿದನು. ಹೈಫಾ ಬಿದ್ದ 1918ರ ಅದೇ ಸೆಪ್ಟೆಂಬರಿನಲ್ಲಿ ಸೇನಾಪತಿ ಅಲೆನ್‌ಬಿಯ ಅಶ್ವಬಲವೂ ಅದೇ ಕಣಿವೆಯಿಂದ ಹಾಯ್ದಿತು. ಅತ್‌ಲಿತಿನಲ್ಲಿ ಕ್ರುಸೇಡಿನ ಯೋಧರು 1218ರಲ್ಲಿ ಕಟ್ಟಿದ ಕೋಟೆ, 1291ರಲ್ಲಿ ಅವರು ಅದನ್ನು ಬಿಟ್ಟು ಹೋಗುವವರೆಗೂ ಶತ್ರುವಿನ ಕೈಗೆ ಸಿಕ್ಕಲಿಲ್ಲ.

ಬೆಟ್ಟದ ಪಾವಿತ್ರ್ಯದ ಕಥೆ ದೀರ್ಘವಾದದ್ದು. ಥಟ್ಮೋಸನ ಶಾಸನದ ಊರುಪಟ್ಟಿಯಲ್ಲಿ ಬರುವ ಪವಿತ್ರ ಭೂಶಿರ ಕಾರ್ಮೆಲೇ ಇರಬೇಕೆಂದು ಹಲವು ವಿದ್ವಾಂಸರ ಮತ. ಬೈಬಲಿನ ಅರಸುಗಳ ಮೊದಲನೆಯ ಗ್ರಂಥದಲ್ಲಿ ಪ್ರವಾದಿ ಎಲೀಯನು ಬಾಳನ ಪೂಜಾರಿಗಳೊಡನೆ ಪಂಥ ಹೂಡಿ ಆಕಾಶದಿಂದ ಬೆಂಕಿಯನ್ನು ಇಳಿಸಿದ್ದು ಇಲ್ಲಿಯೇ. ರೋಮನ್ ಇತಿಹಾಸಕಾರ ಟ್ಯಾಸಿಟಸ್ ಹೇಳುವಂತೆ, ಮುಂದೆ ಸಾಮ್ರಾಟನಾದ ವೆಸ್ಪೇಸಿಯನನು ಇಲ್ಲಿ ಬಲಿಯರ್ಪಿಸಿ ಬೆಸಿಲಿಡೀಸ್ ಎಂಬ ಪೂಜಾರಿಯಿಂದ ಭವಿಷ್ಯ ಕೇಳಿದನು. ಆಗ ಅಲ್ಲಿ ಗುಡಿಯೂ ಇರಲಿಲ್ಲ, ವಿಗ್ರಹವೂ ಇರಲಿಲ್ಲ, ಬಲಿಪೀಠ ಮಾತ್ರ ಇದ್ದಿತು. ಅದಾದ ಒಂದು ಶತಮಾನಕ್ಕೂ ಹೆಚ್ಚು ಕಾಲದ ಮೇಲಿನ ಅಮೃತಶಿಲೆಯ ಭಾರಿ ಪಾದವೊಂದು ಬೆಟ್ಟದ ಮಠದಲ್ಲಿ ದೊರೆತಿದೆ; ಸಿಸರೀಯ ನಗರದ ನಿವಾಸಿಯೊಬ್ಬನು ಹೆಲಿಯೊಪೊಲಿಸಿನ ಜ್ಯೂಸ್ ಕಾರ್ಮೆಲನಿಗೆ ಅರ್ಪಿಸಿದನೆಂದು ಅದರ ಮೇಲೆ ಗ್ರೀಕಿನಲ್ಲಿ ಬರೆದಿದೆ. ಅದು ವಿಗ್ರಹದ ತುಂಡೋ, ಪಾದವನ್ನಷ್ಟೇ ಒಪ್ಪಿಸಿದ ಹರಕೆಯೋ ಎಂಬುದು ಚರ್ಚೆಯ ವಿಷಯ. ಹದಿಮೂರನೆಯ ಶತಮಾನದ ಆರಂಭದಲ್ಲಿ ಇಲ್ಲಿಯ ಕಣಿವೆಯೊಂದರ ಕ್ರೈಸ್ತ ತಪಸ್ವಿಗಳು ಜೆರೂಸಲೇಮಿನ ಪೇಟ್ರಿಯಾರ್ಕ್ ಆಲ್ಬರ್ಟನಿಂದ ಜೀವನನಿಯಮವನ್ನು ಪಡೆದು ಕಾರ್ಮೆಲೈಟ್ ಸಂಘವಾದರು. ಬೆಟ್ಟದ ಹೆಸರು ಅವರ ಮೂಲಕವೇ ನಮ್ಮಲ್ಲಿಗೂ ಬಂದಿತು: 1870ರಲ್ಲಿ ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ಶಿಕ್ಷಣಕ್ಕೆ ತೊಡಗಿದ ಅಪೋಸ್ತಲಿಕ್ ಕಾರ್ಮೆಲ್ ಸೋದರಿಯರ ಹೆಸರಿನಲ್ಲಿಯೂ, ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನ ಹೆಸರಿನಲ್ಲಿಯೂ ಇರುವುದು ಈ ಬೆಟ್ಟವೇ. ಇಂದು ಶ್ರೇಣಿಯ ಮೇಲೆ ಕಾರ್ಮೆಲೈಟರ ಮಠಗಳಲ್ಲದೆ ಬಹಾಯಿ ಮತದವರ ಗುಮ್ಮಟವೂ ತೋಟಗಳೂ, ದ್ರೂಜ್ ಜನರ ಇಸ್ಫಿಯಾ ಮತ್ತು ದಾಲಿಯತ್ ಅಲ್-ಕರ್ಮೆಲ್ ಎಂಬ ಊರುಗಳೂ ಇವೆ.

ಬೆಟ್ಟದ ಕಾಡನ್ನು 1996ರಲ್ಲಿ ಯುನೆಸ್ಕೊ ಜೀವಗೋಳ ರಕ್ಷಿತಪ್ರದೇಶವೆಂದು ಮನ್ನಿಸಿತು. 2010ರ ಡಿಸೆಂಬರಿನ ಕಾಡ್ಗಿಚ್ಚು 44 ಮಂದಿಯ ಪ್ರಾಣ ತೆಗೆದು ಅದರ ದೊಡ್ಡ ಭಾಗವನ್ನು ಸುಟ್ಟಿತು. ತಬೂನ್, ಜಮಾಲ್, ಎಲ್-ವಾದ್, ಸ್ಖೂಲ್ ಎಂಬ ನಾಲ್ಕು ಗವಿಗಳೂ ಅವುಗಳ ಮುಂದಣ ಜಗಲಿಗಳೂ ಸೇರಿ 54 ಹೆಕ್ಟೇರ್ ಪ್ರದೇಶ 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ತಬೂನಿನ ಎತ್ತರದ ಛೇದಮುಖದಲ್ಲಿ ಮರಳು, ಮೆಕ್ಕಲು, ಜೇಡಿ ಒಂದರ ಮೇಲೊಂದು ನಿಂತಿರುವುದನ್ನು ಸಂದರ್ಶಕರು ಇಂದಿಗೂ ನೋಡಬಹುದು. ಆದರೆ ಅದರಿಂದ ಹೊರಬಂದ ಜನರು ಅಲ್ಲಿಲ್ಲ. ಉತ್ಖನನದ ವೆಚ್ಚ ಹೊತ್ತ ಸಂಸ್ಥೆಗಳು ಅಂದಿನ ಪದ್ಧತಿಯಂತೆ ಅವಶೇಷಗಳನ್ನು ತಮ್ಮೊಳಗೆ ಹಂಚಿಕೊಂಡುದರಿಂದ, ತಬೂನಿನ ಹೆಂಗಸು ಲಂಡನ್ನಿನ ನಿಸರ್ಗವಿಜ್ಞಾನ ಸಂಗ್ರಹಾಲಯದಲ್ಲಿಯೂ, ಹಂದಿಯ ದವಡೆ ಹಿಡಿದು ಮಲಗಿದ್ದವನು ಅಮೆರಿಕದ ಹಾರ್ವರ್ಡಿನ ಪೀಬಡಿ ಸಂಗ್ರಹಾಲಯದಲ್ಲಿಯೂ, ಅವನ ಜೊತೆಯ ಇನ್ನು ಕೆಲವರು ಜೆರೂಸಲೇಮಿನ ರಾಕ್‌ಫೆಲರ್ ಸಂಗ್ರಹಾಲಯದಲ್ಲಿಯೂ ಇದ್ದಾರೆ. ಕೂಗಳತೆಯ ಎರಡು ಗವಿಗಳ ಜನರನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಬಯಸುವ ವಿದ್ವಾಂಸನು ಮೂರು ಖಂಡಗಳನ್ನು ಸುತ್ತಬೇಕಾಗಿದೆ.